ಹೋಮ್ ಗಾರ್ಡ್ ಆಗಿ ಸೇರಿದ್ರೆ ಠಾಣೆಲಿ ನಡೆಯೋ ಮಾಮೂಲು ವಸೂಲಿ ನೋಡ್ಕೊಂಡು ಸುಮ್ನಿರ್ಬೇಕಾ?

ಮೂರು ವರ್ಷ ಒಂದು ಸಣ್ಣ ತಾಲ್ಲೂಕಿನ ಠಾಣೆಲಿ ಹೋಮ್ ಗಾರ್ಡ್ ಆಗಿದ್ದೆ, ಅದಕ್ಕೆ ಹೇಳ್ತೀನಿ. ಖಾಕಿ ಹಾಕ್ಕೊಂಡು ಊರಿಗೆ ಏನಾದ್ರೂ ಮಾಡ್ಬೇಕು ಅಂತ ಸೇರಿದ್ದು. ಸಂತೆ ದಿನ ಟೆಂಪೋ ನಿಲ್ಸೋಕೆ ನನ್ನನ್ನ ಕಳಿಸ್ತಿದ್ರು, ದುಡ್ಡು ಇಸ್ಕೊಳ್ಳೋರು ಬೇರೆ, ರಸೀದಿ ಇಲ್ಲ, ಒಂದ್ಸಲ ಟೊಮೆಟೊ ತಂದಿದ್ದ ಅಜ್ಜ ನನ್ ಮುಖಾನೇ ನೋಡ್ತಾ ನೂರು ರೂಪಾಯಿ ಕೊಟ್ಟ, ಆ ರಾತ್ರಿ ನಿದ್ದೆ ಬರ್ಲಿಲ್ಲ. ಬಾಯಿ ಬಿಟ್ರೆ ಡ್ಯೂಟಿ ಹಾಕಲ್ಲ, ಇದು ಖಾಯಂ ನೌಕರಿ ಅಲ್ವಲ್ಲ, ಸ್ವಯಂಸೇವೆ, ಡ್ಯೂಟಿ ಮಾಡಿದ ದಿನಕ್ಕಷ್ಟೇ ಭತ್ಯೆ. 30 ದಿನ ದುಡಿದ್ರೆ ಕಾನ್‌ಸ್ಟೇಬಲ್ ಕನಿಷ್ಠ ಸಂಬಳದಷ್ಟಾದ್ರೂ ಸಿಗ್ಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೆ ಡ್ಯೂಟಿನೇ ಹಾಕದಿದ್ರೆ ಏನ್ ಮಾಡೋದು?

ಹಂಗಂತ ಸುಮ್ನಿರ್ಲೇಬೇಕು ಅಂತೇನಿಲ್ಲ. ಲೋಕಾಯುಕ್ತಕ್ಕೆ ದೂರು ಕೊಡಿ, 2022ರಲ್ಲಿ ಹೈಕೋರ್ಟ್ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ್ಮೇಲೆ ಲಂಚದ ಕೇಸು ನೋಡೋದು ಅವ್ರೇ. ಬಲವಂತಕ್ಕೆ ಲಂಚ ಕೊಟ್ಟೋರು 7 ದಿನದೊಳಗೆ ತಿಳಿಸಿದ್ರೆ ಅವ್ರಿಗೆ ಶಿಕ್ಷೆ ಇಲ್ಲ, ಆ ಅಜ್ಜಂಗೆ ಇದನ್ನ ಹೇಳೋಕೆ ನಂಗಾಗ ಗೊತ್ತಿರ್ಲಿಲ್ಲ.