ಅಟ್ಟದಲ್ಲಿ ಸಿಕ್ಕ ಕೌಬಾಯ್ ರೀಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೇ ಮನೆಯ ಅಟ್ಟದಲ್ಲಿ ಹಾಪಲಾಂಗ್ ಕ್ಯಾಸಿಡಿ ಎಂಬ ಅಮೆರಿಕದ ಕೌಬಾಯ್ ಸರಣಿಯ ಸಿನಿಮಾದ ಎರಡು 16 ಎಂ.ಎಂ. ರೀಲು ಸಿಕ್ಕಿವೆ. ಡಬ್ಬಿ ತೆರೆದರೆ ಹುಳಿ ವಾಸನೆ. ಪ್ರೊಜೆಕ್ಟರ್ ಕೂಡ ಇದೆ. ಒಮ್ಮೆ ಓಡಿಸಿ ನೋಡಬಹುದೇ?
- ಓದುಗರು, ಕಲ್ಯಾಣಪುರ, ಉಡುಪಿ

ಉತ್ತರ: ಈಗಲೇ ಬೇಡ. ಅದು ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ್ದೇ ವಾಸನೆ. ಸೆಕೆ ಮತ್ತು ತೇವಕ್ಕೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಒಳಗಿಂದಲೇ ಹಾಳಾಗುತ್ತಾ ಆಮ್ಲ ಬಿಡುತ್ತದೆ. ಆ ಆಮ್ಲ ಒಳಗೇ ಉಳಿದರೆ ಹಾಳಾಗುವ ವೇಗ ಇನ್ನೂ ಹೆಚ್ಚುತ್ತದೆ. ನಾಲ್ಕು ತಿಂಗಳ ಮಳೆ, ಆಮೇಲೆ ಹಂಚಿನಡಿಯ ಬೇಸಿಗೆ ಎರಡನ್ನೂ ಉಣ್ಣುವ ನಮ್ಮ ಕಡೆಯ ಅಟ್ಟ ಫಿಲ್ಮಿಗೆ ಶತ್ರು. ಮೊದಲು ಕೆಳಗಿಳಿಸಿ. ಒಳ್ಳೆಯ ರೀಲುಗಳಿದ್ದರೆ ಇವನ್ನು ಅವುಗಳಿಂದ ದೂರ ಇಡಿ. ವಾಸನೆ ಇರುವ ರೀಲನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಲೇಬಾರದು.

ಇನ್ನು ಕುಗ್ಗಿದೆಯೇ ಎಂದು ಅಳೆಯಿರಿ. ತುದಿಯ ಖಾಲಿ ಪಟ್ಟಿ ಬಿಟ್ಟು, ಚಿತ್ರವಿರುವ ಭಾಗವನ್ನು ಎಳೆಯದೆ ಮೇಜಿನ ಮೇಲೆ ಹಾಸಿ. ಒಂದು ತೂತಿನ ಅಂಚಿನಿಂದ ಮುಂದಿನ ನೂರನೇ ತೂತಿನ ಅದೇ ಅಂಚಿಗೆ ಸ್ಟೀಲ್ ಸ್ಕೇಲ್ ಹಿಡಿಯಿರಿ. ಹೊಸ ಪ್ರಿಂಟಿನಲ್ಲಿ ಇದು 762 ಮಿ.ಮೀ. ನಿಮ್ಮದು 754ರ ಹತ್ತಿರ ಬಂದರೆ ಶೇ. 1ರಷ್ಟು ಕುಗ್ಗಿದೆ ಎಂದರ್ಥ. ಅಂಥದ್ದನ್ನು ಓಡಿಸಿದರೆ ಫಿಲ್ಮನ್ನು ಎಳೆಯುವ ಪ್ರೊಜೆಕ್ಟರಿನ ಉಗುರು ತೂತಿನೊಳಗೆ ಸರಿಯಾಗಿ ಕೂರದೆ ಅಂಚು ಹರಿಯುತ್ತದೆ. ಹಲ್ಲಿನ ಚಕ್ರವಿಲ್ಲದ ಸ್ಕ್ಯಾನರಿನಲ್ಲಿ ಡಿಜಿಟಲ್ ಮಾಡಿಸುವುದೊಂದೇ ದಾರಿ.

ಕುಗ್ಗಿಲ್ಲದಿದ್ದರೂ ಪ್ರೊಜೆಕ್ಟರಿನ ಹಲ್ಲು ನೋಡಿಕೊಳ್ಳಿ. ಮಾತಿನ ಫಿಲ್ಮಿಗೆ ಒಂದೇ ಬದಿ ತೂತು, ಇನ್ನೊಂದು ಬದಿ ಧ್ವನಿಪಟ್ಟಿ. ಎರಡೂ ಬದಿ ಹಲ್ಲಿರುವ ಮೂಕಿ ಪ್ರೊಜೆಕ್ಟರಿಗೆ ಹಾಕಿದರೆ ಆ ಧ್ವನಿಪಟ್ಟಿಯ ಉದ್ದಕ್ಕೂ ತೂತು ಬೀಳುತ್ತದೆ. ಮೊದಲು ಬೇಡದ ಫಿಲ್ಮಿನ ತುಂಡೊಂದನ್ನು ಓಡಿಸಿ, ಗೀರು ಬೀಳುತ್ತದೆಯೇ ನೋಡಿ.

ಪ್ರಶ್ನೆ: ನನ್ನಲ್ಲಿರುವ ಇದೇ ಸರಣಿಯ ಪ್ರಿಂಟು ಪೂರ್ತಿ ಸಿನಿಮಾವೋ, ಕತ್ತರಿಸಿದ್ದೋ? ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ.
- ಓದುಗರು, ಉರ್ವ, ಮಂಗಳೂರು

ಉತ್ತರ: ಉದ್ದ ಅಳೆದರೆ ತಿಳಿಯುತ್ತದೆ. 16 ಎಂ.ಎಂ.ನಲ್ಲಿ ಅಡಿಗೆ 40 ಚೌಕಟ್ಟು (ಬಿಡಿ ಚಿತ್ರ), ಸೆಕೆಂಡಿಗೆ 24, ಅಂದರೆ ನಿಮಿಷಕ್ಕೆ 36 ಅಡಿ. 1935ರಿಂದ 1948ರವರೆಗೆ ಬಂದ ಈ 66 ಸಿನಿಮಾಗಳಲ್ಲಿ ಹೆಚ್ಚಿನವು ಒಂದು ಗಂಟೆ ಮೀರಿದವು. ನಾಯಕ ವಿಲಿಯಂ ಬಾಯ್ಡ್ ಅವರೇ ಹಕ್ಕು ಕೊಂಡು, 1949ರಿಂದ ಅಮೆರಿಕದ ಟಿ.ವಿ.ಯಲ್ಲಿ ಬಂದಾಗ ಜಾಹೀರಾತಿಗೆ ಜಾಗ ಬಿಡಲು ಹಲವನ್ನು ಸುಮಾರು 54 ನಿಮಿಷಕ್ಕೆ ಇಳಿಸಲಾಯಿತು. ಹಾಗಾಗಿ ಖಾಲಿ ಪಟ್ಟಿ ಬಿಟ್ಟು 1,950 ಅಡಿಯ ಆಸುಪಾಸಿದ್ದರೆ ಅದು ಟಿ.ವಿ. ಪ್ರಿಂಟು ಇರಬೇಕು. 2,300 ದಾಟಿದ್ದರೆ ಜೋಪಾನ ಮಾಡಿ, ಅದು ನಿಜವಾಗಿಯೂ ಅಪರೂಪ.

ಮಾತಿನ ವಿಷಯಕ್ಕೆ ಬಂದರೆ, ಧ್ವನಿ ತನ್ನ ಚಿತ್ರಕ್ಕಿಂತ 26 ಚೌಕಟ್ಟು ಮುಂದೆ ಅಚ್ಚಾಗಿರುತ್ತದೆ. ಗೇಟಿನ (ಬೆಳಕಿನ ಮುಂದೆ ಚಿತ್ರ ನಿಲ್ಲುವ ಕಿಂಡಿಯ) ಕೆಳಗೆ ಬಿಡುವ ಸಡಿಲ ಸುತ್ತು ಚಿಕ್ಕದೋ ದೊಡ್ಡದೋ ಆದರೆ ಈ ಅಂತರ ತಪ್ಪುತ್ತದೆ. ಯಂತ್ರದ ಮೇಲೆ ಕೆತ್ತಿರುವ ಗೆರೆಗೆ ಸರಿಯಾಗಿ ಸುತ್ತು ಬಿಟ್ಟು ನೋಡಿ.

ಪ್ರಶ್ನೆ: ಫಿಲ್ಮಿನ ಮೇಲಿನ ಬಿಳಿ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ?
- ಓದುಗರು, ಕಾಪು

ಉತ್ತರ: ನೀರು ಮುಟ್ಟಿಸಲೇಬೇಡಿ. ಚಿತ್ರವನ್ನು ಹಿಡಿದಿರುವ ಜೆಲಟಿನ್ ಪದರ ಬೂಷ್ಟು ತಿಂದ ಮೇಲೆ ನೀರಿಗೆ ಕರಗುತ್ತದೆ. ಒರೆಸಿದರೆ ಕುದುರೆ, ಸವಾರ, ಬೆಟ್ಟ ಎಲ್ಲ ಬಟ್ಟೆಗೆ ಬರುತ್ತದೆ. ದೀಪಾವಳಿ ಕಳೆದು ಒಣಹವೆ ಬರಲಿ. ಮೂಗಿಗೆ ಮಾಸ್ಕ್ ಕಟ್ಟಿ, ಗಾಳಿಯಾಡುವ ಕಡೆ ಕುಳಿತು, ಒಲೆ ದೀಪಗಳಿಂದ ದೂರ, 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಹತ್ತಿಬಟ್ಟೆಯ ನಡುವೆ ಫಿಲ್ಮನ್ನು ನಿಧಾನಕ್ಕೆ ಎಳೆಯಿರಿ. ಬಟ್ಟೆಯ ಮಗ್ಗುಲು ಆಗಾಗ ಬದಲಿಸಿ, ಪೂರಾ ಆರಿದ ಮೇಲಷ್ಟೇ ಸುತ್ತಿ. ಇಷ್ಟು ಶ್ರಮಕ್ಕೆ ಇವು ಯೋಗ್ಯ: ಕಪ್ಪು ಬಿಳುಪಿನ ಚಿತ್ರ ಬೆಳ್ಳಿಯದ್ದು, ಹಳೇ ಬಣ್ಣದ ಪ್ರಿಂಟುಗಳಂತೆ ಕೆಂಪಗೆ ಮಾಸುವುದಿಲ್ಲ.