ಎದೆಯ ಮೇಲಿನ ಹಕ್ಕಿ ಯಾವುದು ನೋಡಿ

ಚೀನಾದ ಹಳೆಯ ಚಿತ್ರದಲ್ಲಿ ಕಡುನೀಲಿ ಕೋಟು ತೊಟ್ಟು ಕೂತವರು ರಾಜರೇ, ಎದೆಯ ಬಿಳಿ ಹಕ್ಕಿ ನಡುವೆ ಸೀಳಿದಂತೆ ಏಕಿದೆ ಎಂದು ಕೇಳಿದ್ದೀರಿ.

ರಾಜರಲ್ಲ. ನಿಮ್ಮ ವಿವರಣೆ ನೋಡಿದರೆ ಚಿಂಗ್ ಕಾಲದ (1644–1912) ಅಧಿಕಾರಿಯ ಉಡುಪು. ಎದೆಯ ಮೇಲೆ ಹಕ್ಕಿ ಇರುವ ಆ ಚೌಕ ಬಟ್ಟೆ ದರ್ಜೆಯ ಗುರುತು. ಆಡಳಿತದವರಿಗೆ ಹಕ್ಕಿ, ಸೇನೆಯವರಿಗೆ ಪ್ರಾಣಿ. ಚಿಂಗ್‌ಗೂ ಮುಂಚಿನ ಮಿಂಗ್ ಕಾಲದಲ್ಲಿ, 1391ರಲ್ಲೇ ಈ ನಿಯಮ ಬಂತು. ಚಿಂಗ್ ಕೋಟಿಗೆ ಗುಂಡಿ ಮುಂದೆ ಇರುತ್ತದೆ. ಹಾಗಾಗಿ ಎದೆಯ ಚೌಕ ಎರಡು ತುಂಡು, ಬೆನ್ನಿನದು ಇಡೀ ತುಂಡು.

ಬಿಳಿ ಹಕ್ಕಿ ಅಂದರೆ ಸ್ವಲ್ಪ ಹುಷಾರಾಗಿ ನೋಡಬೇಕು. ನೆತ್ತಿ ಕೆಂಪಗಿದ್ದರೆ ಕ್ರೇನ್ ಹಕ್ಕಿ (ಕ್ರೌಂಚ), ಎಲ್ಲಕ್ಕಿಂತ ಮೇಲಿನ ಒಂದನೇ ದರ್ಜೆ. ಉದ್ದ ಬಾಲವಿದ್ದರೆ ಕಾಡುಕೋಳಿಯಂಥ ಸಿಲ್ವರ್ ಫೆಸೆಂಟ್, ಐದನೇ ದರ್ಜೆ. ಬೆಳ್ಳಕ್ಕಿಯಾದರೆ ಆರನೆಯದು. ಕೊರಳಲ್ಲಿ ಉದ್ದನೆಯ ಸರ ಇದೆಯಾ? ಅದರಲ್ಲಿ 108 ಮಣಿ ಇರುತ್ತವೆ, ಕೆಳದರ್ಜೆಯವರು ಸುಮ್ನೆ ಹಾಕಿಕೊಳ್ಳುವಂತಿರಲಿಲ್ಲ.

ಆದರೆ ಉಡುಪನ್ನು ಪೂರ್ತಿ ನಂಬಬೇಡಿ. ಇವು ಮನೆಯ ಹಿರಿಯರ ಪೂಜೆಗೆ ಬರೆಸಿದ ಚಿತ್ರಗಳು, ಬಹಳಷ್ಟು ವ್ಯಕ್ತಿ ತೀರಿಕೊಂಡ ಮೇಲೆ ಬರೆದವು. ಬದುಕಿದ್ದಾಗ ಇಲ್ಲದ ದರ್ಜೆಯನ್ನು ಚಿತ್ರದಲ್ಲಿ ಕೊಟ್ಟದ್ದೂ ಉಂಟು. ಮುಖದ ಹೋಲಿಕೆಗೆ ಮಾತ್ರ ಮನೆಯವರು ತುಂಬಾ ಬೆಲೆ ಕೊಡುತ್ತಿದ್ದರು. ನನಗೆ ಈ ಚಿತ್ರಗಳಲ್ಲಿ ಜಾಸ್ತಿ ಇಷ್ಟವಾಗುವುದೂ ಆ ಮುಖಗಳೇ: ನೇರ ನೋಟ, ನಗುವಿಲ್ಲ, ಸುಕ್ಕನ್ನೂ ಮುಚ್ಚಿಟ್ಟಿಲ್ಲ.

ಜೊತೆಗೆ ಹೆಂಡತಿಯ ಚಿತ್ರ ಇದೆಯಾ ಹುಡುಕಿ. ಆಕೆಗೂ ಗಂಡನ ದರ್ಜೆಯ ಹಕ್ಕಿಯೇ ಇರುತ್ತದೆ. ಚೌಕದ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ನೋಡೋಣ.