ಆಮ್ಲ ಪೂರ್ತಿ ಮುಗಿದರೂ ಪಿಎಚ್ 7 ಯಾಕೆ ಬರಲ್ಲ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. 25 ಮಿ.ಲೀ. ಅಸಿಟಿಕ್ ಆಮ್ಲಕ್ಕೆ ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಟೈಟ್ರೇಶನ್ ಮಾಡಿದೆವು. ಎರಡರ ಸಾಂದ್ರತೆಯೂ ಒಂದೇ, 0.1 ಮೋಲಾರ್. ಫಿನಾಫ್ಥಲೀನ್ ಹಾಕಿದವರಿಗೆ 25 ಮಿ.ಲೀ.ಗೆ ಸರಿಯಾಗಿ ಗುಲಾಬಿ ಬಣ್ಣ ಬಂತು. ನಾನು ಮೀಥೈಲ್ ಆರೆಂಜ್ ಹಾಕಿದ್ದೆ, ಏಳೂವರೆ ಮಿ.ಲೀ. ಹೊತ್ತಿಗೇ ಹಳದಿ ಆಗಿಹೋಯಿತು. ಎಲ್ಲಿ ತಪ್ಪಿದೆ? ಇನ್ನೊಂದು ಅನುಮಾನ. ಆಮ್ಲ, ಪ್ರತ್ಯಾಮ್ಲ ಸಮ ಆದರೆ ಪಿಎಚ್ 7, ಅಂದರೆ ತಟಸ್ಥ, ಅಲ್ವಾ? ಫಿನಾಫ್ಥಲೀನ್ ಬಣ್ಣ ಬರುವುದು 8 ದಾಟಿದ ಮೇಲೆ. ಹಾಗಾದರೆ ಅದೂ ತಪ್ಪೇ ತಾನೇ?

ಉತ್ತರ: ನೀವು ಅಳೆದದ್ದರಲ್ಲಿ ತಪ್ಪಿಲ್ಲ. ಮೀಥೈಲ್ ಆರೆಂಜ್ ಎಂಬ ಸೂಚಕ (ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ವಸ್ತು) ಈ ಆಮ್ಲಕ್ಕೆ ಹೊಂದುವುದಿಲ್ಲ, ಅಷ್ಟೇ. ನಿಮ್ಮ ಎರಡನೇ ಅನುಮಾನವನ್ನೇ ಮೊದಲು ನೋಡೋಣ.

25 ಮಿ.ಲೀ. ಬಿಟ್ಟಾಗ ಆಮ್ಲ ಮುಗಿದಿರುತ್ತದೆ, ನಿಜ. ಆದರೆ ಫ್ಲಾಸ್ಕಿನಲ್ಲಿ ಸೋಡಿಯಂ ಅಸಿಟೇಟ್ ಎಂಬ ಲವಣ ಉಳಿದಿದೆ. ಅಸಿಟಿಕ್ ದುರ್ಬಲ ಆಮ್ಲ. ತನ್ನ ಹೈಡ್ರೋಜನ್ ಅಯಾನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದನ್ನು ಕಳೆದುಕೊಂಡು ಉಳಿದ ಅಸಿಟೇಟ್ ಸುಮ್ನೆ ಇರಲ್ಲ, ನೀರಿನಿಂದ ಒಂದಷ್ಟು ಹೈಡ್ರೋಜನ್ ಅಯಾನು ಕಿತ್ತುಕೊಳ್ಳುತ್ತದೆ. ಆಗ ನೀರಿನಲ್ಲಿ ಹೈಡ್ರಾಕ್ಸೈಡ್ ಜಾಸ್ತಿಯಾಗುತ್ತದೆ, ದ್ರಾವಣ ಪ್ರತ್ಯಾಮ್ಲೀಯವಾಗಿ ಪಿಎಚ್ 7ಕ್ಕಿಂತ ಮೇಲೇರುತ್ತದೆ. ನಿಮ್ಮ ಪ್ರಯೋಗದಲ್ಲಿ ಪಿಎಚ್ ಸುಮಾರು 8.7ಕ್ಕೆ ಬರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಂಡಿದ್ದರೆ 7 ಬರುತ್ತಿತ್ತು, ಯಾಕೆಂದರೆ ಕ್ಲೋರೈಡ್ ಹೀಗೆ ಕಿತ್ತುಕೊಳ್ಳುವುದಿಲ್ಲ.

ಲವಣ ಅಂದರೆ ತಟಸ್ಥ ಎಂದು ಎಷ್ಟೋ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ನೋಡಿದರೆ ಬೇಸರವಾಗುತ್ತದೆ. ವಾಷಿಂಗ್ ಸೋಡಾ ಕೂಡ ಲವಣವೇ. ಅದನ್ನು ಕರಗಿಸಿದ ನೀರಿಗೆ ಚಿಟಿಕೆ ಅರಿಶಿನ ಹಾಕಿ ನೋಡಿ. ಸುಣ್ಣ ಬೆರೆಸಿದ ಆರತಿ ನೀರಿನ ಹಾಗೆ ಕೆಂಪಾಗುತ್ತದೆ.

ಈಗ ನಿಮ್ಮ ಏಳೂವರೆ ಮಿ.ಲೀ. ವಿಷಯ. ಶುರುವಿನಲ್ಲಿ ಪಿಎಚ್ ಸುಮಾರು 2.9 ಇರುತ್ತದೆ. 12.5 ಮಿ.ಲೀ. ಬಿಟ್ಟಾಗ ಅರ್ಧ ಆಮ್ಲ, ಅರ್ಧ ಅಸಿಟೇಟ್. ಆಗ ಪಿಎಚ್ 4.76. ಇವೆರಡೂ ಜೊತೆಗಿದ್ದರೆ ಅದೇ ಬಫರ್. ಹೈಡ್ರಾಕ್ಸೈಡ್ ಬಿದ್ದರೆ ಆಮ್ಲ ಅದನ್ನು ನುಂಗುತ್ತದೆ, ಆಮ್ಲ ಬಿದ್ದರೆ ಅಸಿಟೇಟ್ ಹಿಡಿದುಕೊಳ್ಳುತ್ತದೆ. 10ರಿಂದ 15 ಮಿ.ಲೀ.ವರೆಗೆ, ಅಂದರೆ ಪೂರಾ 5 ಮಿ.ಲೀ. ಬಿಟ್ಟರೂ, ಪಿಎಚ್ 4.6ರಿಂದ 4.9ಕ್ಕೆ ಹೋಗುತ್ತದೆ, ಅಷ್ಟೇ! ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ನಿಲ್ಲುವುದಕ್ಕೂ ಇಂಥದೇ ಒಂದು ಜೋಡಿ ಬೇಕು. ಅಲ್ಲಿ ಕಾರ್ಬಾನಿಕ್ ಆಮ್ಲ ಮತ್ತು ಬೈಕಾರ್ಬೊನೇಟ್ ಈ ಕೆಲಸ ಮಾಡುತ್ತವೆ.

ಮೀಥೈಲ್ ಆರೆಂಜ್ 3.1ರಿಂದ 4.4ರೊಳಗೆ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಲೆಕ್ಕ ಹಾಕಿದರೆ 4.4 ಮುಟ್ಟುವುದು ಸುಮಾರು 7.6 ಮಿ.ಲೀ.ಗೆ. ನಿಮ್ಮ ರೀಡಿಂಗ್ ಅದೇ ತಾನೇ! ಆಗಿನ್ನೂ ಮುಕ್ಕಾಲು ಪಾಲಿನ ಹತ್ತಿರದಷ್ಟು ಆಮ್ಲ ಬಾಕಿ ಇರುತ್ತದೆ. ಬಣ್ಣವೂ ಒಂದೇ ಹನಿಗೆ ಬದಲಾಗಿರಲಿಕ್ಕಿಲ್ಲ, ಕಿತ್ತಳೆ ಹಾದು ನಿಧಾನವಾಗಿ ಹಳದಿಯಾಗಿರುತ್ತದೆ.

ಕೊನೆಯಲ್ಲಿ ಆಮ್ಲ ಮುಗಿಯುತ್ತಿದ್ದಂತೆ ಬಫರ್ ಸೋಲುತ್ತದೆ. 24.9 ಮಿ.ಲೀ.ಗೆ 7.2 ಇದ್ದ ಪಿಎಚ್ 25.1 ಮಿ.ಲೀ.ಗೆ 10.3 ಆಗಿರುತ್ತದೆ. ನಡುವೆ ಬಿದ್ದದ್ದು ನಾಲ್ಕೇ ಹನಿ. ಫಿನಾಫ್ಥಲೀನ್ ಬದಲಾಗುವ 8.2ರಿಂದ 10 ಈ ಜಿಗಿತದ ಒಳಗೇ ಇದೆ. ಅದಕ್ಕೇ ಒಂದೆರಡು ಹನಿಗೆ ಬಣ್ಣ ಬರುತ್ತದೆ.

ಮುಂದಿನ ಸಲ ತಿಳಿ ಗುಲಾಬಿ ಬಂದ ಕೂಡಲೇ ನಿಲ್ಲಿಸಿ, ಫ್ಲಾಸ್ಕ್ ಅಲ್ಲಾಡಿಸಿ. ಬಣ್ಣ 30 ಸೆಕೆಂಡ್ ನಿಂತರೆ ಸಾಕು. ಆಮೇಲೆ ಮಾಸಿದರೆ ಇನ್ನೊಂದು ಹನಿ ಬಿಡಬೇಡಿ, ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿದ್ದರಿಂದ.